ಪ್ರಿಂಟರಿನ ಒಳಚೌಕಟ್ಟು ಮತ್ತು ತಂಪು ವ್ಯವಸ್ಥೆಗೆ ಪೇಟೆಂಟ್: ಪರೀಕ್ಷಾ ಹಂತವನ್ನು ದಾಟುವ ಸಮಗ್ರ ಮಾರ್ಗದರ್ಶಿ

ಲೇಸರ್ ಪ್ರಿಂಟರಿನ ಪ್ಲಾಸ್ಟಿಕ್ ಹೊರಕವಚವನ್ನು ಬಿಚ್ಚಿದರೆ ಎಡಕ್ಕೊಂದು ಬಲಕ್ಕೊಂದು ಉಕ್ಕಿನ ತಗಡು, ಅವೆರಡನ್ನೂ ಬಿಗಿಯಾಗಿ ಹಿಡಿದಿರುವ ಅಡ್ಡಪಟ್ಟಿಗಳು, ಹಿಂಬದಿಯಲ್ಲಿ ಫ್ಯೂಸರ್, ಒಂದು ಪಕ್ಕದಲ್ಲಿ ಫ್ಯಾನ್ ಮತ್ತು ಅದಕ್ಕೆ ಹೊಂದಿದ ಗಾಳಿಕೊಳವೆ ಕಾಣಿಸುತ್ತವೆ. ಇವುಗಳಲ್ಲಿ ಯಾವುದೂ ಹೊಸದಲ್ಲ. ಆದ್ದರಿಂದಲೇ ಇಂಥ ವಿನ್ಯಾಸಕ್ಕೆ ಪೇಟೆಂಟ್ ಕೋರಿದಾಗ ಪರೀಕ್ಷಕರ ಮೊದಲ ಆಕ್ಷೇಪಣೆ ಏನಿರುತ್ತದೆಂಬುದನ್ನು ಅರ್ಜಿ ಬರೆಯುವ ಮೊದಲೇ ಊಹಿಸಬಹುದು: ಗೊತ್ತಿರುವ ಭಾಗಗಳನ್ನು ಬೇರೊಂದು ರೀತಿಯಲ್ಲಿ ಜೋಡಿಸಲಾಗಿದೆ, ಅಷ್ಟೆ. ಈ ಆಕ್ಷೇಪಣೆಗೆ ಉತ್ತರ ಅರ್ಜಿ ಸಲ್ಲಿಸಿದ ದಿನವೇ ಸ್ಪೆಸಿಫಿಕೇಶನ್ (ಆವಿಷ್ಕಾರವನ್ನು ವಿವರಿಸುವ ದಾಖಲೆ) ಒಳಗೆ ಇರಬೇಕಾಗುತ್ತದೆ. ಆಮೇಲೆ ಸೇರಿಸಲು ಕಾನೂನು ಬಿಡುವುದಿಲ್ಲ. ಭಾರತದ ಪೇಟೆಂಟ್ ಕಾಯ್ದೆ, 1970ರ ಅಡಿಯಲ್ಲಿ, ಕರ್ನಾಟಕದ ಅರ್ಜಿದಾರರು ಅರ್ಜಿ ಸಲ್ಲಿಸಬೇಕಾದ ಚೆನ್ನೈ ಪೇಟೆಂಟ್ ಕಚೇರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ.

ಮೊದಲು ತಾಂತ್ರಿಕ ಸಮಸ್ಯೆಯನ್ನು ಅಂಕಿಗಳಲ್ಲಿ ಬರೆದುಕೊಳ್ಳಿ

ಟೋನರ್ ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಫ್ಯೂಸರ್ ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಅದರಿಂದ ಕೆಲವೇ ಸೆಂಟಿಮೀಟರ್ ದೂರದಲ್ಲಿರುವ ಕಾರ್ಟ್ರಿಡ್ಜ್‌ನೊಳಗಿನ ಟೋನರ್ ಮಾತ್ರ ಸುಮಾರು 55–60 ಡಿಗ್ರಿಗೇ ಮೆತ್ತಗಾಗತೊಡಗಿ ಗಂಟುಕಟ್ಟುತ್ತದೆ. ಎರಡೂ ಬದಿ ಮುದ್ರಿಸುವಾಗ ಫ್ಯೂಸರಿನಿಂದ ಬಿಸಿಯಾಗಿ ಹೊರಬಂದ ಕಾಗದವೇ ಮತ್ತೆ ಒಳಗೆ ಹೋಗುವುದರಿಂದ ಶಾಖ ಚಿತ್ರ ಮೂಡುವ ಡ್ರಮ್ಮಿನವರೆಗೂ ತಲುಪುತ್ತದೆ. ಇದು ಎಲ್ಲರಿಗೂ ಕಾಣುವ ಸಮಸ್ಯೆ.

ಅಷ್ಟಾಗಿ ಕಾಣದ ಸಮಸ್ಯೆ ಚೌಕಟ್ಟಿನಲ್ಲಿದೆ, ಪೇಟೆಂಟ್ ದೃಷ್ಟಿಯಿಂದ ಹೆಚ್ಚು ಬೆಲೆಬಾಳುವುದೂ ಅದೇ. ಸಾಧಾರಣ ಉಕ್ಕು ಒಂದು ಡಿಗ್ರಿ ಬಿಸಿಯೇರಿದರೆ ಒಂದು ಮೀಟರಿಗೆ ಸುಮಾರು 12 ಮೈಕ್ರೋಮೀಟರಿನಷ್ಟು ಹಿಗ್ಗುತ್ತದೆ. 300 ಮಿಲಿಮೀಟರ್ ಉದ್ದದ ಅಡ್ಡಪಟ್ಟಿ 20 ಡಿಗ್ರಿ ಬಿಸಿಯಾದರೆ ಹಿಗ್ಗುವಿಕೆ 0.072 ಮಿಲಿಮೀಟರ್. ಇಂಚಿಗೆ 600 ಚುಕ್ಕೆ ಮುದ್ರಿಸುವ ಯಂತ್ರದಲ್ಲಿ ಎರಡು ಚುಕ್ಕೆಗಳ ನಡುವಿನ ಅಂತರವೇ 0.042 ಮಿಲಿಮೀಟರ್. ಇಡೀ ಚೌಕಟ್ಟು ಒಂದೇ ಸಮನೆ ಬಿಸಿಯಾದರೆ ಇದರಿಂದ ದೊಡ್ಡ ತೊಂದರೆಯಾಗದೇ ಇರಬಹುದು. ಆದರೆ ಫ್ಯೂಸರ್ ಕಡೆಯ ಅಂಚು ಹೆಚ್ಚು ಬಿಸಿಯಾಗಿ ಇನ್ನೊಂದು ಅಂಚು ತಣ್ಣಗೇ ಉಳಿದರೆ ಪಟ್ಟಿ ಬಿಲ್ಲಿನಂತೆ ಬಾಗುತ್ತದೆ, ಅದರ ಮೇಲೆ ಕೂತಿರುವ ಲೇಸರ್ ಸ್ಕ್ಯಾನರ್ ವಾಲುತ್ತದೆ, ಬಣ್ಣದ ಪ್ರಿಂಟರಿನಲ್ಲಿ ನಾಲ್ಕು ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ.

ನಿಮ್ಮ ವಿನ್ಯಾಸವು ಈ ಎರಡರಲ್ಲಿ ಯಾವ ಸಮಸ್ಯೆಯನ್ನು ಪರಿಹರಿಸುತ್ತದೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಲು ಸಾಧ್ಯವಾಗದಿದ್ದರೆ ಮುಂದಿನ ಹಂತಗಳಿಗೆ ಹೋಗಬೇಡಿ. "ಯಂತ್ರ ತಂಪಾಗಿರುತ್ತದೆ" ಎಂಬುದು ಸಾಲದು. ಫ್ಯಾನ್ ಇಟ್ಟ ಪ್ರತಿಯೊಂದು ಯಂತ್ರವೂ ತಂಪಾಗಿರುತ್ತದೆ.

ಎರಡು ಕೆಲಸ ಮಾಡುವ ಭಾಗವನ್ನು ಗುರುತಿಸಿ

ಕಾಯ್ದೆಯ ಕಲಂ 3(ಎಫ್) ಪ್ರಕಾರ, ಗೊತ್ತಿರುವ ಸಾಧನಗಳು ತಮಗೆ ಗೊತ್ತಿರುವ ರೀತಿಯಲ್ಲೇ ಒಂದಕ್ಕೊಂದು ಸಂಬಂಧವಿಲ್ಲದೆ ಸ್ವತಂತ್ರವಾಗಿ ಕೆಲಸ ಮಾಡುತ್ತಿದ್ದರೆ, ಅವುಗಳ ಬರಿಯ ಜೋಡಣೆ, ಮರುಜೋಡಣೆ ಅಥವಾ ಪುನರಾವರ್ತನೆ ಆವಿಷ್ಕಾರವೆನಿಸುವುದಿಲ್ಲ. ಇಲ್ಲಿ ಇಡೀ ಭಾರ ಬೀಳುವುದು "ಸ್ವತಂತ್ರವಾಗಿ" ಎಂಬ ಷರತ್ತಿನ ಮೇಲೆ. ಚೌಕಟ್ಟು ತನ್ನ ಪಾಡಿಗೆ ಭಾರ ಹೊರುತ್ತಾ ಫ್ಯಾನ್ ತನ್ನ ಪಾಡಿಗೆ ಗಾಳಿ ಊದುತ್ತಿದ್ದರೆ ನೀವು ಈ ಕಲಮಿಗೆ ಸಿಕ್ಕಿಬಿದ್ದಂತೆಯೇ. ಚೌಕಟ್ಟಿನ ಒಂದು ಭಾಗವೇ ಗಾಳಿಯ ದಾರಿಯಾಗಿ, ಆ ಗಾಳಿಯೇ ಚೌಕಟ್ಟನ್ನು ಬಾಗದಂತೆ ಕಾಯುತ್ತಿದ್ದರೆ ವಾದಕ್ಕೆ ನೆಲೆ ಸಿಗುತ್ತದೆ.

ವಿವರಣೆಗಾಗಿ ಒಂದು ಕಲ್ಪಿತ ವಿನ್ಯಾಸವನ್ನು ಇಟ್ಟುಕೊಳ್ಳೋಣ. ಫ್ಯೂಸರಿಗೂ ಟೋನರ್ ಕಾರ್ಟ್ರಿಡ್ಜಿಗೂ ನಡುವೆ, ಎರಡು ಪಕ್ಕದ ತಗಡುಗಳನ್ನು ಜೋಡಿಸುವ ಒಂದು ಟೊಳ್ಳು ಅಡ್ಡಪಟ್ಟಿ ಇದೆ. ಅದರ ಮೇಲ್ಮೈ ಮೇಲೆ ಲೇಸರ್ ಸ್ಕ್ಯಾನರನ್ನು ಸ್ಕ್ರೂಗಳಿಂದ ಬಿಗಿಯಲಾಗಿದೆ. ಬಲಗಡೆಯ ತಗಡಿನ ಹೊರಬದಿಯ ಫ್ಯಾನ್ ಆ ಟೊಳ್ಳಿನೊಳಕ್ಕೆ ಗಾಳಿ ತಳ್ಳುತ್ತದೆ. ಪಟ್ಟಿಯೊಳಗಿನ ಒಂದು ಅಡ್ಡಗೋಡೆಯು ಗಾಳಿಯನ್ನು ಮೊದಲು ಫ್ಯೂಸರ್ ಕಡೆಯ ಒಳಮೈಯುದ್ದಕ್ಕೂ ಹರಿಸಿ, ಎಡತುದಿಯಲ್ಲಿ ತಿರುಗಿಸಿ, ಕಾರ್ಟ್ರಿಡ್ಜ್ ಕಡೆಯ ಒಳಮೈಯ ಮೂಲಕ ವಾಪಸು ತಂದು ಹೊರಬಿಡುತ್ತದೆ. ಒಳಬರುವ ತಣ್ಣನೆಯ ಗಾಳಿ ಬಿಸಿ ಅಂಚಿನ ಶಾಖವನ್ನು ಹೀರಿ ಆಮೇಲಷ್ಟೇ ತಣ್ಣನೆಯ ಅಂಚನ್ನು ತಲುಪುವುದರಿಂದ ಎರಡು ಅಂಚುಗಳ ನಡುವಿನ ಉಷ್ಣಾಂಶದ ವ್ಯತ್ಯಾಸ ಕುಗ್ಗುತ್ತದೆ. ಪಟ್ಟಿ ಬಾಗುವುದೂ ಕಡಿಮೆಯಾಗುತ್ತದೆ. ಬಿಸಿಯಾದ ಗಾಳಿಯನ್ನು ಕಾರ್ಟ್ರಿಡ್ಜ್ ಕಡೆಗೆ ತರುವುದು ಮೇಲ್ನೋಟಕ್ಕೆ ತಪ್ಪು ದಾರಿಯಂತೆ ಕಾಣುತ್ತದೆ, ಮತ್ತು ಅದೇ ಈ ವಿನ್ಯಾಸದ ಶಕ್ತಿ. ಪರಿಣತರು ಸಾಮಾನ್ಯವಾಗಿ ಹಿಡಿಯದ ದಾರಿಯನ್ನು ನೀವು ಹಿಡಿದಿದ್ದರೆ ಅದನ್ನು ಕಾರಣಸಮೇತ ಬರೆದಿಡಬೇಕು.

ಹುಡುಕಾಟ: ಪರೀಕ್ಷಕರಿಗಿಂತ ಮೊದಲು ನೀವು

ಈ ಕ್ಷೇತ್ರದ ದಾಖಲೆಗಳಲ್ಲಿ ಬಹುಪಾಲು ಕ್ಯಾನನ್, ರಿಕೋ, ಬ್ರದರ್, ಕೊನಿಕಾ ಮಿನೋಲ್ಟಾ, ಜೆರಾಕ್ಸ್, ಎಚ್‌ಪಿ ಮುಂತಾದ ಕಂಪನಿಗಳದು, ಅದರಲ್ಲೂ ಜಪಾನಿ ಭಾಷೆಯ ಅರ್ಜಿಗಳು ಹೇರಳ. ಕೇವಲ ಪದಗಳಿಂದ ಹುಡುಕಿದರೆ ಅರ್ಧಕ್ಕರ್ಧ ತಪ್ಪಿಹೋಗುತ್ತವೆ, ಏಕೆಂದರೆ ನೀವು "ಅಡ್ಡಪಟ್ಟಿ" ಎನ್ನುವುದನ್ನು ಇನ್ನೊಬ್ಬರು ತೊಲೆಯೆಂದೂ ಮತ್ತೊಬ್ಬರು ಬಲಪಡಿಸುವ ಅಂಗವೆಂದೂ ಕರೆದಿರುತ್ತಾರೆ. ಅಂತಾರಾಷ್ಟ್ರೀಯ ವರ್ಗೀಕರಣ ಸಂಕೇತಗಳಿಂದ ಆರಂಭಿಸುವುದೇ ಸರಿಯಾದ ಕ್ರಮ. ಲೇಸರ್ ಪ್ರಿಂಟರಿನಂಥ ವಿದ್ಯುತ್‌ಛಾಯಾ ಮುದ್ರಣ ಯಂತ್ರದೊಳಗಿನ ಉಷ್ಣಾಂಶ ಮತ್ತು ತೇವಾಂಶದ ನಿಯಂತ್ರಣಕ್ಕೆ ಜಿ03ಜಿ 21/20, ಬಿಡಿಭಾಗಗಳ ಜೋಡಣೆ ಮತ್ತು ನಿರ್ವಹಣೆಯ ಯಾಂತ್ರಿಕ ವ್ಯವಸ್ಥೆಗಳಿಗೆ ಜಿ03ಜಿ 21/16, ಫ್ಯೂಸರಿಗೆ ಜಿ03ಜಿ 15/20, ಸಾಮಾನ್ಯ ಪ್ರಿಂಟರಿನ ಚೌಕಟ್ಟಿಗೆ ಬಿ41ಜೆ 29/02, ಅದರ ತಂಪು ಹಾಗೂ ಗಾಳಿಯಾಟಕ್ಕೆ ಬಿ41ಜೆ 29/377 ನೋಡಬೇಕು. ವಿದ್ಯುನ್ಮಾನ ಉಪಕರಣಗಳ ತಂಪಿಗೆ ಸಂಬಂಧಿಸಿದ ಎಚ್05ಕೆ 7/20 ಅನ್ನು ಬಹಳ ಜನ ಮರೆಯುತ್ತಾರೆ. ಟೊಳ್ಳು ಚೌಕಟ್ಟಿನೊಳಗೆ ಗಾಳಿ ಹರಿಸುವ ಉಪಾಯ ಸರ್ವರ್ ಪೆಟ್ಟಿಗೆಯಲ್ಲಿ ಮೊದಲೇ ಇರುವ ಸಾಧ್ಯತೆ ಇದ್ದೇ ಇದೆ. ಎಸ್ಪಾಸ್‌ನೆಟ್, ಪೇಟೆಂಟ್‌ಸ್ಕೋಪ್, ಜಪಾನಿನ ಜೆ-ಪ್ಲಾಟ್‌ಪ್ಯಾಟ್ ಮತ್ತು ಭಾರತದ ಇನ್‌ಪಾಸ್ ಈ ನಾಲ್ಕೂ ಪೇಟೆಂಟ್ ಹುಡುಕಾಟದ ಜಾಲತಾಣಗಳು ಉಚಿತ. ಜಪಾನಿ ದಾಖಲೆಗಳಲ್ಲಿ ಯಂತ್ರಾನುವಾದ ಎಷ್ಟೇ ತೊಡಕಾಗಿದ್ದರೂ ಚಿತ್ರಗಳನ್ನು ನೋಡಿದರೆ ಅರ್ಧ ವಿಷಯ ತಿಳಿದುಬಿಡುತ್ತದೆ.

ಪೇಟೆಂಟ್ ದಾಖಲೆಗಳಷ್ಟೇ ಹಿಂದಿನ ದಾಖಲೆಗಳಲ್ಲ. ಸರ್ವೀಸ್ ಮ್ಯಾನ್ಯುಯಲ್ಲುಗಳು, ಬಿಡಿಭಾಗಗಳ ಪಟ್ಟಿಗಳು, ಮಾರಾಟವಾಗಿರುವ ಹಳೆಯ ಯಂತ್ರಗಳು, ಇವೆಲ್ಲವೂ ನಿಮ್ಮ ಹೊಸತನವನ್ನು ಕಸಿಯಬಲ್ಲವು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹಳೆಯ ಯಂತ್ರಗಳನ್ನು ತಂದು ಬಿಚ್ಚಿ ನೋಡುವುದು ಒಣ ಹುಡುಕಾಟಕ್ಕಿಂತ ಎಷ್ಟೋ ಬಾರಿ ಹೆಚ್ಚು ಕಲಿಸುತ್ತದೆ. ಅಂದ ಹಾಗೆ, ಈ ಯಂತ್ರಗಳೆಲ್ಲದರ ಮೂಲವಾದ ಒಣ ನಕಲು ಪದ್ಧತಿಯನ್ನು 1938ರಲ್ಲಿ ಮಾಡಿ ತೋರಿಸಿದ ಚೆಸ್ಟರ್ ಕಾರ್ಲ್‌ಸನ್ ಸ್ವತಃ ಒಂದು ಕಂಪನಿಯ ಪೇಟೆಂಟ್ ವಿಭಾಗದಲ್ಲಿ ದುಡಿಯುತ್ತಿದ್ದವರು. ಅರ್ಜಿಗಳ ಪ್ರತಿ ಮಾಡಿಸುವ ಬೇಸರವೇ ಅವರನ್ನು ಆ ದಿಕ್ಕಿಗೆ ತಿರುಗಿಸಿತು.

ಸ್ಪೆಸಿಫಿಕೇಶನ್ ಬರೆಯುವ ಕ್ರಮ

ಕಲಂ 10(4) ಆವಿಷ್ಕಾರವನ್ನೂ ಅದು ಕೆಲಸ ಮಾಡುವ ಬಗೆಯನ್ನೂ ಪೂರ್ಣವಾಗಿ, ನಿಮಗೆ ಗೊತ್ತಿರುವ ಅತ್ಯುತ್ತಮ ವಿಧಾನದ ಸಮೇತ ವಿವರಿಸಬೇಕೆನ್ನುತ್ತದೆ. ಕಲಂ 59ರ ಪ್ರಕಾರ, ಸಲ್ಲಿಸಿದ ನಂತರದ ತಿದ್ದುಪಡಿಯು ಹಕ್ಕು ಬಿಟ್ಟುಕೊಡುವುದು, ತಪ್ಪು ಸರಿಪಡಿಸುವುದು ಅಥವಾ ವಿವರಣೆ ನೀಡುವುದಕ್ಕೆ ಸೀಮಿತವಾಗಿರಬೇಕು. ಮೊದಲಿನ ಸ್ಪೆಸಿಫಿಕೇಶನ್‌ನಲ್ಲಿ ಇಲ್ಲದ ವಿಷಯವನ್ನು ಸೇರಿಸುವಂತಿಲ್ಲ, ತಿದ್ದಿದ ಕ್ಲೇಮು (ಯಾವುದರ ಮೇಲೆ ಹಕ್ಕು ಕೇಳುತ್ತೀರೆಂದು ಹೇಳುವ ವಾಕ್ಯ) ಹಿಂದಿನ ಕ್ಲೇಮಿನ ವ್ಯಾಪ್ತಿಯೊಳಗೇ ಇರಬೇಕು. ಈ ಎರಡು ಕಲಮುಗಳನ್ನು ಒಟ್ಟಿಗೆ ಓದಿದರೆ ಬರೆಯುವ ಕ್ರಮ ತಾನಾಗಿ ನಿಶ್ಚಯವಾಗುತ್ತದೆ. ಅಡ್ಡಗೋಡೆಯಿಂದಾಗಿ ಪಟ್ಟಿ ಬಾಗುವುದು ಕಡಿಮೆಯಾಗುತ್ತದೆ ಎಂಬ ಸಂಗತಿ ಮೊದಲ ದಿನದ ಪಠ್ಯದಲ್ಲಿ ಇಲ್ಲದಿದ್ದರೆ, ಎರಡು ವರ್ಷಗಳ ನಂತರ ಉತ್ತರದಲ್ಲಿ ಅದನ್ನು ಹೇಳಿದಾಗ ಪರೀಕ್ಷಕರು ಒಪ್ಪಬೇಕಾದ ಕಾರಣವಿರುವುದಿಲ್ಲ. ತಾತ್ಕಾಲಿಕ ಸ್ಪೆಸಿಫಿಕೇಶನ್ ಸಲ್ಲಿಸಿ 12 ತಿಂಗಳೊಳಗೆ ಪೂರ್ಣ ಸ್ಪೆಸಿಫಿಕೇಶನ್ ಕೊಡುವ ದಾರಿ ಹಿಡಿದರೂ ಇದೇ ಎಚ್ಚರ ಬೇಕು, ಏಕೆಂದರೆ ತಾತ್ಕಾಲಿಕದಲ್ಲಿ ಇಲ್ಲದ ಅಂಶಕ್ಕೆ ಆ ದಿನಾಂಕದ ಆದ್ಯತೆ ಸಿಗುವುದಿಲ್ಲ.

ಅಳತೆಗಳನ್ನು ಕೊಡಿ. ಪಟ್ಟಿಯ ಎರಡೂ ಅಂಚುಗಳ ಎಡ, ನಡು, ಬಲ ಬಿಂದುಗಳಲ್ಲಿ ಉಷ್ಣಾಂಶ ಅಳೆಯುವ ಥರ್ಮೋಕಪಲ್ ಅಂಟಿಸಿ, ಸತತ ಮುದ್ರಣದ ಕಾಲದಲ್ಲಿ, ಅಡ್ಡಗೋಡೆ ಇದ್ದಾಗ ಮತ್ತು ಇಲ್ಲದಿದ್ದಾಗ ದಾಖಲಾದ ಉಷ್ಣಾಂಶಗಳ ಪಟ್ಟಿಯೊಂದನ್ನು ಸೇರಿಸಿದರೆ ಅದು ಹತ್ತು ಪ್ಯಾರಾಗಳ ಹೊಗಳಿಕೆಗಿಂತ ಹೆಚ್ಚು ಕೆಲಸ ಮಾಡುತ್ತದೆ. ಕೊಠಡಿಯ ಉಷ್ಣಾಂಶ, ಮುದ್ರಣದ ವೇಗ, ಫ್ಯಾನಿನ ವೋಲ್ಟೇಜ್ ಎರಡೂ ಸಲ ಒಂದೇ ಆಗಿದ್ದವೆಂದು ಸ್ಪಷ್ಟಪಡಿಸಿ.

ಕ್ಲೇಮಿನ ಭಾಷೆಗೆ ಬಂದರೆ, ಕಚೇರಿಗೆ ಸಲ್ಲಿಸುವ ದಾಖಲೆಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕು. ಆದರೂ ಮೊದಲು ಕನ್ನಡದಲ್ಲಿ ಬರೆದು ನೋಡುವುದರಿಂದ ಯೋಚನೆ ತಿಳಿಯಾಗುತ್ತದೆ. ಮೇಲಿನ ವಿನ್ಯಾಸದ ಮೊದಲ ಕ್ಲೇಮು ಹೀಗಿರಬಹುದು: "ಎದುರುಬದುರಾದ ಎರಡು ಪಕ್ಕದ ತಗಡುಗಳು (10, 11), ಕಾರ್ಟ್ರಿಡ್ಜ್ ಕೂರುವ ಸ್ಥಳ (20), ಫ್ಯೂಸರ್ (30), ಅವೆರಡರ ನಡುವೆ ತಗಡುಗಳನ್ನು ಜೋಡಿಸುವ ಮತ್ತು ಲೇಸರ್ ಸ್ಕ್ಯಾನರನ್ನು (50) ಹೊರುವ ಅಡ್ಡಪಟ್ಟಿ (40) ಇವುಗಳನ್ನು ಒಳಗೊಂಡ ಚಿತ್ರಮುದ್ರಣ ಯಂತ್ರ, ಇದರ ವೈಶಿಷ್ಟ್ಯವೆಂದರೆ, ಅಡ್ಡಪಟ್ಟಿಯು (40) ಟೊಳ್ಳಾಗಿದ್ದು, ಅದರೊಳಗಿನ ಉದ್ದನೆಯ ಅಡ್ಡಗೋಡೆಯು (41) ಫ್ಯೂಸರ್ ಬದಿಯ ಮೊದಲ ದಾರಿಯನ್ನೂ (42) ಕಾರ್ಟ್ರಿಡ್ಜ್ ಬದಿಯ ಎರಡನೆಯ ದಾರಿಯನ್ನೂ (43) ರೂಪಿಸುತ್ತದೆ, ಹಾಗೂ ಫ್ಯಾನಿನಿಂದ (60) ಬಂದ ಗಾಳಿಯು ಮೊದಲ ದಾರಿಯಲ್ಲಿ ಹರಿದ ನಂತರವೇ ಎರಡನೆಯ ದಾರಿಯನ್ನು ಪ್ರವೇಶಿಸುವಂತೆ ಅವೆರಡೂ ಒಂದು ತುದಿಯಲ್ಲಿ ಕೂಡಿಕೊಂಡಿವೆ."

ಇಲ್ಲಿ ಗಮನಿಸಬೇಕಾದದ್ದು, ಕ್ಲೇಮಿನಲ್ಲಿ ಫಲಿತಾಂಶವಿಲ್ಲ, ರಚನೆಯಿದೆ. "ಟೋನರಿನ ಉಷ್ಣಾಂಶ 50 ಡಿಗ್ರಿ ಮೀರದಂತೆ ರೂಪಿಸಿದ ಗಾಳಿಕೊಳವೆ (ಡಕ್ಟ್)" ಎಂದು ಬರೆದರೆ ಅದು ಸಾಧನೆಯ ಆಸೆಯನ್ನು ಹೇಳುತ್ತದೆಯೇ ಹೊರತು ಸಾಧನವನ್ನಲ್ಲ, ಮತ್ತು ಕಲಂ 10(5)ರ ಅಡಿಯಲ್ಲಿ ಸ್ಪಷ್ಟತೆಯ ಆಕ್ಷೇಪಣೆ ಖಂಡಿತ ಬರುತ್ತದೆ. ರಚನೆಯನ್ನೇ ಬರೆಯುವುದರಿಂದ ಇನ್ನೊಂದು ಅನುಕೂಲವೂ ಇದೆ: ನಾಳೆ ಪ್ರತಿಸ್ಪರ್ಧಿಯ ಯಂತ್ರವನ್ನು ಬಿಚ್ಚಿದಾಗ ಅಡ್ಡಗೋಡೆ ಇದೆಯೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುತ್ತದೆ.

ಮೊದಲ ಕ್ಲೇಮಿಗೆ ಇನ್ನಷ್ಟು ವಿವರ ಸೇರಿಸುವ ಅವಲಂಬಿತ ಕ್ಲೇಮುಗಳನ್ನು ಸಂಖ್ಯೆ ತುಂಬಿಸಲು ಬರೆಯಬೇಡಿ. ಮೊದಲ ಕ್ಲೇಮು ಬಿದ್ದರೆ ಹಿಂದೆ ಸರಿದು ನಿಲ್ಲಬಹುದಾದ ಜಾಗಗಳು ಅವು. ಅಡ್ಡಗೋಡೆಯನ್ನು ಪಟ್ಟಿಯ ತಗಡನ್ನೇ ಮಡಚಿ ಮಾಡಿರುವುದು, ಮೊದಲ ದಾರಿಯ ಅಡ್ಡಕೊಯ್ತ ಎರಡನೆಯದಕ್ಕಿಂತ ಕಿರಿದಾಗಿರುವುದು, ಸ್ಕ್ಯಾನರಿನ ಸ್ಕ್ರೂಗಳು ಅಡ್ಡಗೋಡೆಯ ಮೇಲಿನ ಸಾಲಿನಲ್ಲೇ ಬರುವುದು, ಇಂಥವುಗಳಿಗೆ ಒಂದೊಂದು ಕ್ಲೇಮನ್ನು ಮೀಸಲಿಡಿ. 10 ಕ್ಲೇಮು ಮತ್ತು 30 ಪುಟ ಮೀರಿದರೆ ಹೆಚ್ಚುವರಿ ಶುಲ್ಕವಿದೆ.

ಚಿತ್ರಗಳು ಎ4 ಹಾಳೆಯಲ್ಲಿ, ಮೇಲೆ ಮತ್ತು ಎಡಕ್ಕೆ 4 ಸೆಂ.ಮೀ., ಕೆಳಗೆ ಮತ್ತು ಬಲಕ್ಕೆ 3 ಸೆಂ.ಮೀ. ಅಂಚು ಬಿಟ್ಟು ಇರಬೇಕು. ಭಾಗಗಳ ಹೆಸರನ್ನು ಚಿತ್ರದ ಮೇಲೆ ಬರೆಯದೆ ಸಂಖ್ಯೆಗಳನ್ನಷ್ಟೇ ಕೊಡಬೇಕು. ಕ್ಯಾಡ್ ತಂತ್ರಾಂಶದ ಬಣ್ಣದ ಚಿತ್ರವನ್ನು ಹಾಗೇ ಅಂಟಿಸಬೇಡಿ. ಈ ವಿನ್ಯಾಸಕ್ಕೆ ಅತ್ಯಗತ್ಯವಾದ ಚಿತ್ರ ಪಟ್ಟಿಯ ಅಡ್ಡಕೊಯ್ತದ್ದು. ಗಾಳಿಯ ದಿಕ್ಕನ್ನು ಬಾಣಗಳಿಂದ ತೋರಿಸಬೇಕು.

ಸಲ್ಲಿಕೆ ಮತ್ತು ಗಡುವುಗಳು

ಅರ್ಜಿ ಸಲ್ಲಿಸುವ ಮೊದಲು ಯಂತ್ರವನ್ನು ಮಾರಬೇಡಿ, ಪ್ರದರ್ಶನಕ್ಕಿಡಬೇಡಿ. ಕಾಯ್ದೆಯಲ್ಲಿರುವ ವಿನಾಯಿತಿಗಳು ತೀರಾ ಕಿರಿದು. ಬೆಂಗಳೂರಿನ ಸಂಶೋಧನಾ ಕೇಂದ್ರಗಳಲ್ಲಿ ದುಡಿದು ವಿದೇಶದಲ್ಲಿ ಮೊದಲು ಅರ್ಜಿ ಹಾಕುವವರು ಕಲಂ 39ರ ಅನುಮತಿ ಪಡೆಯಬೇಕು, ಇಲ್ಲವೇ ಇಲ್ಲಿ ಸಲ್ಲಿಸಿ ಆರು ವಾರ ಕಾಯಬೇಕು. ಪರೀಕ್ಷೆ ತಾನಾಗಿ ನಡೆಯುವುದಿಲ್ಲ, ಫಾರ್ಮ್ 18ರಲ್ಲಿ ಕೋರಬೇಕು. 2024ರ ಮಾರ್ಚ್ 15ರಿಂದ ಜಾರಿಗೆ ಬಂದ ತಿದ್ದುಪಡಿ ನಿಯಮಗಳ ಪ್ರಕಾರ ಹೊಸ ಅರ್ಜಿಗಳಿಗೆ ಈ ಗಡುವು 48ರ ಬದಲು 31 ತಿಂಗಳು. ಸ್ಟಾರ್ಟಪ್, ಸಣ್ಣ ಉದ್ದಿಮೆ ಮತ್ತು ಮಹಿಳಾ ಅರ್ಜಿದಾರರು ಫಾರ್ಮ್ 18ಎ ಮೂಲಕ ತ್ವರಿತ ಪರೀಕ್ಷೆ ಕೋರಬಹುದು. ಬೇರೆ ದೇಶಗಳಲ್ಲಿ ಇದೇ ಆವಿಷ್ಕಾರಕ್ಕೆ ಅರ್ಜಿ ಇದ್ದರೆ ಅದರ ವಿವರ ಕೊಡುವ ಫಾರ್ಮ್ 3 ಮರೆಯಬೇಡಿ.

ಕೆಲವರು ಕೈಗಾರಿಕಾ ವಿನ್ಯಾಸ ಕಾಯ್ದೆ, 2000ರ ಅಡಿ ನೋಂದಾಯಿಸಿದರೆ ಸಾಲದೇ ಎಂದು ಕೇಳುವುದುಂಟು. ಆ ಕಾಯ್ದೆ ಕಾಯುವುದು ಕಣ್ಣಿಗೆ ಕಾಣುವ ರೂಪವನ್ನು. ಕವಚದೊಳಗೆ ಅಡಗಿರುವ ಪಟ್ಟಿಯ ಕಾರ್ಯವನ್ನಲ್ಲ.

ಮೊದಲ ಪರೀಕ್ಷಾ ವರದಿಯನ್ನು ಓದುವ ಬಗೆ

ಎಫ್‌ಇಆರ್ ಎಂದೇ ಎಲ್ಲರೂ ಕರೆಯುವ ಮೊದಲ ಪರೀಕ್ಷಾ ವರದಿಯಲ್ಲಿ ಸಾರಾಂಶ, ವಿವರವಾದ ತಾಂತ್ರಿಕ ವರದಿ, ಔಪಚಾರಿಕ ಅಗತ್ಯಗಳು ಮತ್ತು ದಾಖಲೆಗಳ ಪಟ್ಟಿ ಎಂಬ ಭಾಗಗಳಿರುತ್ತವೆ. ವರದಿಯ ದಿನಾಂಕದಿಂದ ಆರು ತಿಂಗಳೊಳಗೆ ಉತ್ತರ ಕೊಡಬೇಕು. ಫಾರ್ಮ್ 4ರಲ್ಲಿ ಕೋರಿದರೆ ಮತ್ತೆ ಮೂರು ತಿಂಗಳು ಸಿಗುತ್ತದೆ. ಉತ್ತರವೇ ಇಲ್ಲದಿದ್ದರೆ ಕಲಂ 21ರ ಪ್ರಕಾರ ಅರ್ಜಿಯನ್ನು ಕೈಬಿಟ್ಟಂತೆ ಭಾವಿಸಲಾಗುತ್ತದೆ.

ಸಾರಾಂಶದ ಕೋಷ್ಟಕವನ್ನು ನೋಡಿ ಗಾಬರಿಯಾಗುವುದು ಬೇಡ, ಅಲ್ಲಿ ಬಹುತೇಕ ಎಲ್ಲ ಕ್ಲೇಮುಗಳಿಗೂ "ಇಲ್ಲ" ಎಂದೇ ಇರುತ್ತದೆ. ಡಿ1, ಡಿ2 ಎಂದು ಹೆಸರಿಸಿದ ದಾಖಲೆಗಳನ್ನು ಇಳಿಸಿಕೊಂಡು, ಪರೀಕ್ಷಕರು ಉಲ್ಲೇಖಿಸಿದ ಪ್ಯಾರಾವನ್ನಷ್ಟೇ ಅಲ್ಲದೆ ಪೂರ್ತಿ ಓದಿ. ನಮ್ಮ ಉದಾಹರಣೆಯಲ್ಲಿ ಡಿ1ರಲ್ಲಿ ಸ್ಕ್ಯಾನರ್ ಹೊತ್ತಿರುವ ಸಾದಾ ತಗಡಿನ ಅಡ್ಡಪಟ್ಟಿ ಇದೆ, ಡಿ2ರಲ್ಲಿ ಫ್ಯೂಸರ್ ಮತ್ತು ಕಾರ್ಟ್ರಿಡ್ಜ್ ನಡುವೆ ಪ್ಲಾಸ್ಟಿಕ್ ಡಕ್ಟ್ ಇದೆ ಎಂದಿಟ್ಟುಕೊಳ್ಳಿ. ಎರಡನ್ನೂ ಕೂಡಿಸಿದರೆ ಆವಿಷ್ಕಾರ ಸಿಗುತ್ತದೆ, ಆದ್ದರಿಂದ ಕಲಂ 2(1)(ಜೆಎ) ಹೇಳುವ ಆವಿಷ್ಕಾರಕ ಗುಣ (ಪರಿಣತರಿಗೆ ತಾನಾಗಿ ಹೊಳೆಯದಿರುವಿಕೆ) ಇಲ್ಲ, ಜೊತೆಗೆ ಇದು ಕಲಂ 3(ಎಫ್)ಗೂ ಬರುತ್ತದೆ ಎಂಬುದು ಆಕ್ಷೇಪಣೆ.

ಒಂದು ಕೋಷ್ಟಕ ಮಾಡಿ. ಎಡಗಡೆ ಕ್ಲೇಮಿನ ಒಂದೊಂದು ಅಂಶ. ಮುಂದೆ ಅದು ಡಿ1ರಲ್ಲಿ ಎಲ್ಲಿದೆ, ಡಿ2ರಲ್ಲಿ ಎಲ್ಲಿದೆ ಎಂಬುದು, ಚಿತ್ರ ಮತ್ತು ಪ್ಯಾರಾ ಸಂಖ್ಯೆಯೊಂದಿಗೆ. ಖಾಲಿ ಉಳಿದ ಸಾಲುಗಳೇ ನಿಮ್ಮ ವಾದ. ಟೊಳ್ಳು ಪಟ್ಟಿ, ಅಡ್ಡಗೋಡೆ, ಗಾಳಿ ಹರಿಯುವ ಕ್ರಮ, ಈ ಮೂರೂ ಖಾಲಿ ಇದ್ದರೆ ಸ್ಥಿತಿ ಗಟ್ಟಿ. ಅಡ್ಡಗೋಡೆಯೊಂದೇ ಖಾಲಿ ಇದ್ದರೆ ಅದರ ಪರಿಣಾಮವನ್ನು ಸಾಬೀತುಪಡಿಸುವ ಹೊಣೆ ಹೆಚ್ಚು.

ಉತ್ತರ ಬರೆಯುವುದು

ಯಾಂತ್ರಿಕ ಆವಿಷ್ಕಾರಗಳ ವಿಷಯದಲ್ಲಿ ಪರೀಕ್ಷಕರು ಹಿಡಿಯುವ ಅಳತೆಗೋಲು ಎಂಥದೆಂಬುದನ್ನು ತಿಳಿಯಲು ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಮತ್ತು ಹಿಂದುಸ್ತಾನ್ ಮೆಟಲ್ ಇಂಡಸ್ಟ್ರೀಸ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರ ಡಿಸೆಂಬರಿನಲ್ಲಿ ನೀಡಿದ ತೀರ್ಪನ್ನು ಓದಬೇಕು. ಲೋಹದ ಪಾತ್ರೆಗಳನ್ನು ಲೇತಿಗೆ ಹಿಡಿಸಿ ತಿರುಗಿಸುವ ಒಂದು ಸಾಧನದ ಪೇಟೆಂಟ್ ಅಲ್ಲಿ ರದ್ದಾಯಿತು. ಗೊತ್ತಿದ್ದ ವ್ಯವಸ್ಥೆಯ ಮೇಲಿನ ಸುಧಾರಣೆಯು ಬರಿಯ ವರ್ಕ್‌ಶಾಪ್ ಸುಧಾರಣೆಗಿಂತ ಹೆಚ್ಚಿನದಾಗಿರಬೇಕು, ಹಳೆಯ ಅಂಶಗಳ ಕೂಡಿಕೆಯಿಂದ ಹೊಸ ಫಲಿತಾಂಶವೋ ಉತ್ತಮವಾದ ಅಥವಾ ಅಗ್ಗದ ವಸ್ತುವೋ ದೊರೆಯಬೇಕು ಎಂಬುದು ಅಲ್ಲಿನ ಸಾರ. ಪ್ರಿಂಟರಿನ ಅಡ್ಡಪಟ್ಟಿಗೂ ಅದೇ ಅಳತೆಗೋಲು.

ಆದ್ದರಿಂದ ಉತ್ತರದಲ್ಲಿ ಮೊದಲು ಡಿ1 ಮತ್ತು ಡಿ2ರ ನಿಜವಾದ ಬೋಧನೆಯನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಿ. ಆನಂತರ ಹೀಗೆ ವಾದಿಸಬಹುದು: ಡಿ2ರ ಡಕ್ಟ್ ಹೊರಕವಚಕ್ಕೆ ನೇತುಹಾಕಿದ ಪ್ಲಾಸ್ಟಿಕ್ ಭಾಗ, ಅದು ಯಾವ ಭಾರವನ್ನೂ ಹೊರುವುದಿಲ್ಲ, ಅದನ್ನು ಡಿ1ರ ಪಟ್ಟಿಯ ಕೆಳಗೆ ಇಟ್ಟರೂ ಪಟ್ಟಿಯ ಎರಡು ಅಂಚುಗಳ ನಡುವಿನ ವ್ಯತ್ಯಾಸ ಉಳಿದೇ ಇರುತ್ತದೆ. ಡಿ2ರ ಗುರಿ ಕಾರ್ಟ್ರಿಡ್ಜಿಗೆ ಸಾಧ್ಯವಾದಷ್ಟು ತಣ್ಣನೆಯ ಗಾಳಿ ಮುಟ್ಟಿಸುವುದು. ಆ ಗುರಿಯನ್ನು ಹಿಡಿದ ಪರಿಣತನು ಗಾಳಿಯನ್ನು ಮೊದಲು ಫ್ಯೂಸರ್ ಬದಿಗೆ ಹರಿಸಲು ಹೋಗುವುದೇ ಇಲ್ಲ. ಪಟ್ಟಿ ಬಾಗುವ ಸಮಸ್ಯೆಯನ್ನು ಎರಡೂ ದಾಖಲೆಗಳು ಗುರುತಿಸಿಲ್ಲ. ಪ್ರತಿ ವಾಕ್ಯಕ್ಕೂ ಸ್ಪೆಸಿಫಿಕೇಶನ್‌ನ ಪುಟ, ಸಾಲು ಮತ್ತು ಉಷ್ಣಾಂಶದ ಪಟ್ಟಿಯನ್ನು ತೋರಿಸಿ. ಕಲಂ 3(ಎಫ್)ಗೆ ಪ್ರತ್ಯೇಕ ತಲೆಬರಹದಡಿ ಉತ್ತರಿಸಿ. ಆವಿಷ್ಕಾರಕ ಗುಣದ ಉತ್ತರವೇ ಇದಕ್ಕೂ ಅನ್ವಯಿಸುತ್ತದೆ ಎಂದು ಒಂದು ಸಾಲಿನಲ್ಲಿ ಮುಗಿಸುವುದು ಕೆಟ್ಟ ಅಭ್ಯಾಸ. ಪಟ್ಟಿಯು ಗಾಳಿಗೆ ದಾರಿಯಾಗುತ್ತದೆ, ಗಾಳಿಯು ಪಟ್ಟಿಯ ನೇರತೆಯನ್ನು ಕಾಯುತ್ತದೆ, ಹೀಗಾಗಿ ಅವು ಸ್ವತಂತ್ರವಾಗಿ ಕೆಲಸ ಮಾಡುತ್ತಿಲ್ಲ ಎಂಬುದೇ ಅಲ್ಲಿನ ಉತ್ತರ.

ಕ್ಲೇಮನ್ನು ಕಿರಿದಾಗಿಸಬೇಕೇ ಎಂಬ ಪ್ರಶ್ನೆ ಬಂದಾಗ ನನ್ನ ಸಲಹೆ, ಒಂದೇ ಸಲಕ್ಕೆ ಎಲ್ಲ ಅವಲಂಬಿತ ಅಂಶಗಳನ್ನೂ ಮೊದಲ ಕ್ಲೇಮಿಗೆ ತುರುಕಬೇಡಿ. ಮಡಚಿದ ತಗಡಿನ ಅಡ್ಡಗೋಡೆ ಎಂಬ ಮಿತಿಯನ್ನು ಸೇರಿಸಿದರೆ, ಬೆಸೆದ ಅಡ್ಡಗೋಡೆಯನ್ನು ಬಳಸುವ ಪ್ರತಿಸ್ಪರ್ಧಿ ಸುಲಭವಾಗಿ ತಪ್ಪಿಸಿಕೊಳ್ಳುತ್ತಾನೆ. ತಿದ್ದಿದ ಪ್ರತಿಯೊಂದಿಗೆ ಬದಲಾವಣೆಗಳನ್ನು ಗುರುತು ಮಾಡಿದ ಪ್ರತಿಯನ್ನೂ ಕೊಡಿ.

ವಿಚಾರಣೆ ಮತ್ತು ಅದರ ನಂತರ

ಉತ್ತರ ತೃಪ್ತಿಕರವೆನಿಸದಿದ್ದರೆ ಕಂಟ್ರೋಲರ್ (ಅರ್ಜಿಯನ್ನು ತೀರ್ಮಾನಿಸುವ ಪೇಟೆಂಟ್ ಕಚೇರಿಯ ಅಧಿಕಾರಿ) ಕಲಂ 14ರ ವಿಚಾರಣೆಗೆ ಕರೆಯುತ್ತಾರೆ. ಅದು ಸಾಮಾನ್ಯವಾಗಿ ವಿಡಿಯೋ ಮೂಲಕ ನಡೆಯುತ್ತದೆ. ಸಮಯ ಕಡಿಮೆ. ನೋಟಿಸಿನಲ್ಲಿ ಉಳಿದಿರುವ ಆಕ್ಷೇಪಣೆಗಳನ್ನಷ್ಟೇ ಮುಟ್ಟಿ, ಅಡ್ಡಕೊಯ್ತದ ಚಿತ್ರವನ್ನು ಪರದೆಯ ಮೇಲೆ ಇಟ್ಟುಕೊಂಡು ಗಾಳಿಯ ದಾರಿಯನ್ನು ಬೆರಳಿಟ್ಟು ತೋರಿಸಿದಂತೆ ವಿವರಿಸಿ. ಸಾಧ್ಯವಾದರೆ ವಿನ್ಯಾಸ ಮಾಡಿದ ಎಂಜಿನಿಯರ್ ಜೊತೆಯಲ್ಲಿರಲಿ. ಪಟ್ಟಿ ಏಕೆ ಬಾಗುತ್ತದೆಂಬುದನ್ನು ಅವರು ಹೇಳುವಂತೆ ಪೇಟೆಂಟ್ ಏಜೆಂಟರು ಹೇಳಲಾರರು. ವಿಚಾರಣೆಯ ನಂತರ 15 ದಿನಗಳೊಳಗೆ ಲಿಖಿತ ನಿವೇದನೆ ಸಲ್ಲಿಸಬೇಕು. ಬಾಯಲ್ಲಿ ಹೇಳಿದ ಪ್ರತಿಯೊಂದು ಅಂಶವೂ ಅದರಲ್ಲಿ ಬರಲಿ. ಈ ನಡುವೆ, ಅರ್ಜಿ ಪ್ರಕಟವಾದ ಮೇಲೆ ಪೇಟೆಂಟ್ ಸಿಗುವವರೆಗೆ ಯಾರು ಬೇಕಾದರೂ ಕಲಂ 25(1)ರ ಅಡಿ ವಿರೋಧ ಸಲ್ಲಿಸಬಹುದು ಎಂಬುದೂ ನೆನಪಿರಲಿ.

ಕಲಂ 15ರ ಅಡಿ ಅರ್ಜಿ ತಿರಸ್ಕೃತವಾದರೆ ಕಲಂ 117ಎ ಪ್ರಕಾರ ಮೂರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಯನ್ನು 2021ರಲ್ಲಿ ರದ್ದುಪಡಿಸಿದ್ದರಿಂದ, ಚೆನ್ನೈ ಕಚೇರಿಯ ಆದೇಶಗಳ ವಿರುದ್ಧದ ಮೇಲ್ಮನವಿ ಈಗ ಮದ್ರಾಸ್ ಹೈಕೋರ್ಟಿಗೆ ಹೋಗುತ್ತದೆ. ವರದಿಯಲ್ಲಿ ಆವಿಷ್ಕಾರದ ಏಕತೆಯ ಆಕ್ಷೇಪಣೆ ಇದ್ದು, ಚೌಕಟ್ಟಿಗೊಂದು ಮತ್ತು ಫ್ಯಾನಿನ ನಿಯಂತ್ರಣಕ್ಕೊಂದು ಎಂಬಂತೆ ಎರಡು ಬೇರೆ ಆವಿಷ್ಕಾರಗಳು ಕ್ಲೇಮುಗಳಲ್ಲಿ ಬೆರೆತಿದ್ದರೆ, ಕಲಂ 16ರ ವಿಭಜಿತ ಅರ್ಜಿಯನ್ನು ಮೂಲ ಅರ್ಜಿ ಇನ್ನೂ ಬಾಕಿಯಿರುವಾಗಲೇ, ಅಂದರೆ ವಿಚಾರಣೆಯ ದಿನಾಂಕ ನಿಗದಿಯಾಗುವ ಹೊತ್ತಿಗೆ, ಸಿದ್ಧಪಡಿಸಿ ಸಲ್ಲಿಸಿಬಿಡುವುದು ಕ್ಷೇಮ. ಆದೇಶ ಹೊರಬಿದ್ದ ಮೇಲೆ ಆ ಬಾಗಿಲು ಮುಚ್ಚಿರುತ್ತದೆ.